ಯಾರದೋ ಬಿಲ್ಲು, ನಮ್ಮ ಬಾಗಿಲು

ನಾವು ವಿಜಯನಗರದ ಈ ಬಾಡಿಗೆ ಮನೆಗೆ ಬಂದು ಒಂದೂವರೆ ವರ್ಷ ಆಯ್ತು. ಎರಡನೇ ಮಹಡಿ, ಎರಡು ರೂಮು. ಮೆಟ್ಟಿಲ ಕೆಳಗೆ ಗೋಡೆಗೆ ಹೊಡೆದ ಮೂರು ತಗಡಿನ ಡಬ್ಬಿಗಳಲ್ಲಿ ಮೂರನೆಯದು ನಮ್ಮದು. ಈಗಿನ ಕಾಲದಲ್ಲಿ ಪೋಸ್ಟಿನ ಡಬ್ಬಿಗೆ ಏನು ಬರುತ್ತೆ ಹೇಳಿ? ಪಿಜ್ಜಾ ಅಂಗಡಿಯ ಚೀಟಿ, ನೀರು ಫಿಲ್ಟರ್ ರಿಪೇರಿಯವರ ಚೀಟಿ, ಅಷ್ಟೇ. ಆದರೆ ನಮ್ಮ ಡಬ್ಬಿ ಯಾವತ್ತೂ ಖಾಲಿ ಇರ್ತಿರಲಿಲ್ಲ. ಬರ್ತಿದ್ದ ಕವರುಗಳೆಲ್ಲ ಒಬ್ಬರದೇ ಹೆಸರಿಗೆ. ಅವರು ಮಾತ್ರ ನಮ್ಮ ಮನೆಯಲ್ಲಿ ಇಲ್ಲ.

ಹೆಸರು ಇಲ್ಲಿ ಬೇಡ. 'ಮಹಾನುಭಾವರು' ಅಂತ ಕರೆಯೋಣ. ನಮಗಿಂತ ಮುಂಚೆ ಇಲ್ಲಿ ಬಾಡಿಗೆಗಿದ್ದವರಂತೆ. ಮೊದಲು ಬಂದಿದ್ದು ಕ್ರೆಡಿಟ್ ಕಾರ್ಡಿನ ಬಿಲ್ಲು. ನಾನು ಅದನ್ನ ಓನರ್ ಅಂಕಲ್ ಕೈಗೆ ಕೊಟ್ಟೆ, ಅವರು "ಇಟ್ಟಿರಿ, ಬಂದ್ರೆ ಕೊಡೋಣ" ಅಂದ್ರು. ಫ್ರಿಜ್ಜಿನ ಮೇಲೆ ಇಟ್ಟೆ. ಆಮೇಲೆ ಇನ್ನೊಂದು, ಮತ್ತೊಂದು. ಕವರ್ ತೆಳ್ಳಗಾಗ್ತಾ ಬಂತು, ಅದರ ಮೇಲಿನ ಅಕ್ಷರ ದಪ್ಪಗಾಗ್ತಾ ಬಂತು. ಕೊನೆಗೆ ಕೆಂಪು ಅಕ್ಷರದಲ್ಲಿ ಯಾವುದೋ ವಕೀಲರ ಸೀಲು. ಬೇರೆಯವರ ಕಾಗದ ಒಡೆಯಬಾರದು ಅಂತ ನಾನು ಒಂದನ್ನೂ ಒಡೆಯಲಿಲ್ಲ. ಒಡೆಯದಿದ್ರೂ ಒಳಗೇನಿದೆ ಅಂತ ಗೊತ್ತಾಗೋ ಹಾಗೇ ಅವುಗಳನ್ನ ಮಾಡಿರ್ತಾರೆ ಬಿಡಿ.

ನಾನು ಇದನ್ನ ತಮಾಷೆ ಅಂದುಕೊಂಡಿದ್ದೆ. ಆಫೀಸಿನಲ್ಲಿ ಟೀ ಕುಡೀವಾಗ ಹೇಳಿ ನಗಿಸ್ತಿದ್ದೆ ಕೂಡ.

ಒಂದು ಬುಧವಾರ ಸಂಜೆ ಮನೆಗೆ ಬಂದಾಗ ಅಮ್ಮ ದೀಪ ಹಚ್ಚಿರಲಿಲ್ಲ. ಅಮ್ಮ ಅರಸೀಕೆರೆ ಕಡೆಯವಳು, ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆಗಿದ್ದಾಳೆ. ಸಂಜೆ ಆರಕ್ಕೆ ದೀಪ ಹಚ್ಚದ ದಿನವೇ ನಾನು ನೋಡಿಲ್ಲ. ಏನಾಯ್ತಮ್ಮ ಅಂದ್ರೆ ಒಂದು ಚೀಟಿ ತೋರಿಸಿದಳು. ರಸೀದಿ. ಎರಡು ಸಾವಿರ ರೂಪಾಯಿ. ಮಧ್ಯಾಹ್ನ ಒಬ್ಬ ಹುಡುಗ ಬಂದಿದ್ದನಂತೆ, ಕೊರಳಲ್ಲಿ ಟ್ಯಾಗು, ಕೈಯಲ್ಲಿ ಫೈಲು. ಮಹಾನುಭಾವರ ಹೆಸರು ಹೇಳಿ ಇದ್ದಾರಾ ಅಂದನಂತೆ. ಇಲ್ಲ ಅಂದ್ರೆ ನಂಬಲಿಲ್ಲ. "ಎಲ್ರೂ ಹಂಗೇ ಹೇಳೋದು ಆಂಟಿ, ಅಡ್ರೆಸ್ ಇದೇ ಇದೆಯಲ್ಲ" ಅಂತ ಬಾಗಿಲಲ್ಲೇ ನಿಂತನಂತೆ. ದನಿ ಏರ್ತಾ ಹೋಯ್ತಂತೆ. ಕೆಳಗಿನ ಮನೆಯವರು ಹೊರಗೆ ಬಂದು ಮೇಲೆ ನೋಡಿದರಂತೆ. ಅಮ್ಮ ಒಳಗೆ ಹೋಗಿ ಡಬ್ಬಿಯಲ್ಲಿಟ್ಟಿದ್ದ ದುಡ್ಡು ತಂದು ಕೊಟ್ಟುಬಿಟ್ಟಳು.

"ಅಲ್ಲಮ್ಮ, ಅದು ನಮ್ಮ ಸಾಲ ಅಲ್ಲ ಅಂತ ನಿಂಗೆ ಗೊತ್ತಿತ್ತಲ್ಲ!"

"ಗೊತ್ತಿತ್ತು ಕಣೋ. ಬಾಗ್ಲಲ್ಲಿ ನಿಂತು ಸಾಲ ಸಾಲ ಅಂತ ಕೂಗ್ತಿದ್ನಲ್ಲ. ಕೇಳ್ಸ್ಕೊಳೋರಿಗೆ ಯಾರ್ ಸಾಲ ಅಂತ ಏನ್ ಗೊತ್ತಾಗತ್ತೆ?"

ರಸೀದಿ ನೋಡಿದೆ. ಅದರಲ್ಲೂ ನಮ್ಮ ಹೆಸರಿಲ್ಲ. ಮಹಾನುಭಾವರಿಂದ ಎರಡು ಸಾವಿರ ಸಂದಾಯ ಅಂತಿತ್ತು. ಅಂದ್ರೆ ಲೆಕ್ಕದ ಪ್ರಕಾರ ಅಮ್ಮ ಕೊಟ್ಟೇ ಇಲ್ಲ!

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನ ಮಾತು ತಲೆಯಲ್ಲಿ ಕೊರೀತಾ ಇತ್ತು. ಸಾಲ ಮಾಡೋದು ಮನುಷ್ಯ. ಅದು ಬಾಗಿಲಿಗೆ ಯಾವಾಗ ಅಂಟಿಕೊಳ್ತು? ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವಾಗ ಇತಿಹಾಸದ ಪುಸ್ತಕ ಮುಟ್ಟಿದವನಲ್ಲ ನಾನು. ಆದರೂ ಅವತ್ತಿನಿಂದ ಎರಡು ಮೂರು ವಾರ ರಾತ್ರಿ ಹೊತ್ತು ಇದನ್ನೇ ಹುಡುಕಿ ಓದಿದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ. ಬಾಡಿಗೆ ಮನೆಯಲ್ಲಿರೋರು ಸ್ವಲ್ಪ ಗಮನ ಕೊಟ್ಟು ಓದಿ :)

*

ಮೊದಲು ಸಿಕ್ಕಿದ್ದು ಮಾರ್ಕೋ ಪೋಲೋ. 13ನೇ ಶತಮಾನದ ಕೊನೆಯಲ್ಲಿ ಆತ ದಕ್ಷಿಣ ಭಾರತದ ಪೂರ್ವ ಕರಾವಳಿಗೆ ಬಂದಿದ್ದ. ಮಾಬಾರ್ ಅಂತ ಆಗಿನ ವ್ಯಾಪಾರಿಗಳು ಕರೀತಿದ್ದ ಸೀಮೆ. ಅಲ್ಲಿನ ಸಾಲ ವಸೂಲಿಯ ಒಂದು ಪದ್ಧತಿಯನ್ನ ಬರೆದಿದ್ದಾನೆ. ಸಾಲಗಾರ ಇವತ್ತು ನಾಳೆ ಅಂತ ಸತಾಯಿಸಿದ್ರೆ, ಸಾಲ ಕೊಟ್ಟವನು ಅವನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೀತಾನೆ. ಅಷ್ಟೇ. ಸಾಲ ತೀರಿಸೋವರೆಗೆ ಅಥವಾ ಭರವಸೆ ಕೊಡೋವರೆಗೆ ಆ ವೃತ್ತದಿಂದ ಸಾಲಗಾರ ಆಚೆ ಬರೋ ಹಾಗಿಲ್ಲ. ಬಂದ್ರೆ ಘೋರ ಶಿಕ್ಷೆ. ಅಲ್ಲಿನ ರಾಜನೇ ಹೀಗೆ ಸಿಕ್ಕಿಹಾಕಿಕೊಂಡಿದ್ದನ್ನ ತಾನು ನೋಡಿದೆ ಅಂತ ಪೋಲೋ ಹೇಳ್ತಾನೆ. ಪರದೇಶದ ಒಬ್ಬ ವ್ಯಾಪಾರಿಗೆ ರಾಜ ದುಡ್ಡು ಕೊಡಬೇಕಿತ್ತು. ಕೇಳಿ ಕೇಳಿ ಸಾಕಾದ ವ್ಯಾಪಾರಿ, ರಾಜ ಕುದುರೆ ಮೇಲೆ ಬರ್ತಿದ್ದಾಗ ಕುದುರೆ ಸಮೇತ ಸುತ್ತ ಗೆರೆ ಎಳೆದುಬಿಟ್ಟ. ರಾಜ ಅಲ್ಲೇ ನಿಂತ. ದುಡ್ಡು ತರಿಸಿಕೊಟ್ಟ ಮೇಲೇ ಕದಲಿದ್ದು.

ನನಗೆ ಇದು ಎಷ್ಟು ಇಷ್ಟವಾಯ್ತು ಅಂದ್ರೆ ಅಮ್ಮನಿಗೂ ಓದಿ ಹೇಳಿದೆ. ಪೋಲೋ ಹೇಳಿದ್ದೆಲ್ಲ ನಿಜ ಅಂತ ನಂಬಬೇಕಿಲ್ಲ, ಬಿಡಿ. ಆದರೆ ಗೆರೆಯನ್ನ ಗಮನಿಸಿ. ಅದು ಎಳೆದಿದ್ದು ಮನುಷ್ಯನ ಸುತ್ತ. ಆ ರಾಜನ ಅರಮನೆ ಮುಂದೆ ಹೋಗಿ ಅಲ್ಲಿದ್ದ ಅಡಿಗೆಯವನ ಸುತ್ತ ಎಳೆದಿದ್ರೆ ಯಾವ ಬೆಲೆಯೂ ಇರ್ತಿರಲಿಲ್ಲ.

ಇನ್ನೊಂದು ಪದ್ಧತಿ ನಿಮಗೆಲ್ಲ ಗೊತ್ತಿರೋ ಪದದೊಳಗೇ ಅಡಗಿದೆ. ಧರಣಿ! ಇವತ್ತು ಧರಣಿ ಅಂದ್ರೆ ಶಾಮಿಯಾನ, ಬ್ಯಾನರು, ಘೋಷಣೆ. 18ನೇ ಶತಮಾನದಲ್ಲಿ 'ಧರ್ನಾ' ಅಂದ್ರೆ ಬಾಕಿ ವಸೂಲಿಯ ಉಪಾಯ. ಗವರ್ನರ್ ಜನರಲ್ ಆಗಿದ್ದ ಜಾನ್ ಶೋರ್ ಇದರ ಬಗ್ಗೆ 'ಏಷಿಯಾಟಿಕ್ ರಿಸರ್ಚಸ್'ನಲ್ಲಿ ಬರೆದಿದ್ದಾನೆ. ಬಾಕಿ ಬರಬೇಕಾದ ಬ್ರಾಹ್ಮಣ ಕೈಯಲ್ಲಿ ವಿಷವನ್ನೋ ಚೂರಿಯನ್ನೋ ಹಿಡಿದು ಎದುರಾಳಿಯ ಮನೆ ಬಾಗಿಲಲ್ಲಿ ಕೂರ್ತಾನೆ. ತನ್ನನ್ನ ದಾಟಿ ಹೋದ್ರೆ ಪ್ರಾಣ ಕಳ್ಕೋತೀನಿ ಅಂತಾನೆ. ಊಟ ಬಿಡ್ತಾನೆ. ಬಾಗಿಲಲ್ಲಿ ಬ್ರಾಹ್ಮಣ ಉಪವಾಸ ಕೂತಿರುವಾಗ ಒಳಗಿರೋನು ಉಣ್ಣೋ ಹಾಗಿಲ್ಲ. ಇಬ್ಬರಲ್ಲಿ ಮೊದಲು ಸೋತವನು ಸೋತ. ಬನಾರಸ್ ಕಡೆ ಇದು ಎಷ್ಟು ಜೋರಿತ್ತು ಅಂದ್ರೆ 1795ರಲ್ಲಿ ಕಂಪನಿ ಸರ್ಕಾರ ಕಾನೂನು ಮಾಡಿ ನಿಲ್ಲಿಸಬೇಕಾಯ್ತು. 1860ರ ಭಾರತೀಯ ದಂಡ ಸಂಹಿತೆಯಲ್ಲೂ 508ನೇ ಕಲಮು ಇದಕ್ಕೇ ಮೀಸಲಾಗಿತ್ತು. ದೈವಕೋಪದ ಹೆದರಿಕೆ ಹುಟ್ಟಿಸಿ ಒಬ್ಬನಿಂದ ಕೆಲಸ ಮಾಡಿಸಿಕೊಳ್ಳೋದು ಅಪರಾಧ ಅಂತ. ಅದಕ್ಕೆ ಕೊಟ್ಟ ಮೊದಲ ಉದಾಹರಣೆಯೇ ಬೇರೆಯವನ ಬಾಗಿಲಲ್ಲಿ ಧರಣಿ ಕೂತವನದ್ದು.

ಇಲ್ಲಿ ನೋಡಿ, ಬಾಗಿಲು ಬಂತು. ಬಾಗಿಲಲ್ಲಿ ಕೂತ್ರೆ ಒಳಗಿರೋ ಹೆಂಡತಿ ಮಕ್ಕಳಿಗೂ ಊಟ ಇಲ್ಲ, ಬೀದಿಯವರಿಗೆಲ್ಲ ಗೊತ್ತಾಗುತ್ತೆ. ಕೆಲಸ ಮಾಡೋದು ಚೂರಿ ಅಲ್ಲ, ನಾಚಿಕೆ. ಅಮ್ಮ ದುಡ್ಡು ಕೊಟ್ಟಿದ್ದು ಯಾವುದಕ್ಕೆ ಅಂತ ನನಗೆ ಇದನ್ನ ಓದಿದಾಗಲೇ ಅರ್ಥ ಆಗಿದ್ದು. ಆ ಹುಡುಗ ಪಾಪ ಜಾನ್ ಶೋರನ ಹೆಸರು ಕೇಳಿರಲಾರ, ಆದ್ರೆ ಎಲ್ಲಿ ನಿಲ್ಲಬೇಕು ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು. ಒಂದೇ ವ್ಯತ್ಯಾಸ: ಧರಣಿ ಕೂರೋನು ಒಳಗಿರೋದು ಯಾರು ಅಂತ ತಿಳ್ಕೊಂಡೇ ಕೂರ್ತಿದ್ದ. ಈ ಹುಡುಗನ ಹತ್ರ ಇದ್ದಿದ್ದು ಬರೀ ವಿಳಾಸ.

*

ಈ ವಿಳಾಸ ಅನ್ನೋದೇ ತೀರಾ ಹೊಸದು. ಹಳೇ ಲಂಡನ್ನಿನಲ್ಲಿ ಮನೆಗೆ ನಂಬರೇ ಇರಲಿಲ್ಲ. ಅಂಗಡಿಗಳಿಗೆ ಬೋರ್ಡು ಇರ್ತಿತ್ತು, 'ಮೂರು ಪಾರಿವಾಳದ ಪಕ್ಕದ ಮನೆ' ಅನ್ನೋ ಥರ ಹೇಳ್ತಿದ್ರು. ನಮ್ಮ ಊರಿನಲ್ಲಿ ಈಗಲೂ 'ಹುಣಸೇಮರದ ಮನೆ' ಅನ್ನಲ್ವೇ, ಹಾಗೆ. ಲಂಡನ್ನಿನ ಪ್ರೆಸ್ಕಾಟ್ ಬೀದಿಯಲ್ಲಿ ಬೋರ್ಡಿನ ಬದಲು ನಂಬರ್ ಇದೆ ಅಂತ 1708ರ ಒಂದು ಪುಸ್ತಕ ವಿಶೇಷ ಸುದ್ದಿಯಾಗಿ ಬರೆದುಕೊಂಡಿದೆ. 1770ರಲ್ಲಿ ಮರಿಯಾ ತೆರೇಸಾ ರಾಣಿಯ ಕಾಲದಲ್ಲಿ ವಿಯೆನ್ನಾ ಮತ್ತು ಆ ಸಾಮ್ರಾಜ್ಯದ ಹಲವು ಪ್ರಾಂತಗಳ ಮನೆಮನೆಗೆ ಹೋಗಿ ಗೋಡೆ ಮೇಲೆ ನಂಬರ್ ಬರೆಸಿದ್ರು. ಯಾಕೆ? ಕಾಗದ ತಲುಪಿಸೋಕಲ್ಲ. ಯಾವ ಮನೆಯಲ್ಲಿ ಸೈನ್ಯಕ್ಕೆ ಆಗೋ ಗಂಡಸರು ಎಷ್ಟಿದ್ದಾರೆ ಅಂತ ಲೆಕ್ಕ ಹಾಕೋಕೆ! ಜನಕ್ಕೆ ಇದು ಗೊತ್ತಾಗದೇ ಇರುತ್ತಾ? ಕೆಲವು ಕಡೆ ನಂಬರ್ ಅಳಿಸಿದ್ರಂತೆ, ಮೇಲೆ ಕೆಸರು ಮೆತ್ತಿದ್ರಂತೆ. ಪ್ಯಾರಿಸ್ಸಿನಲ್ಲಿ ರಸ್ತೆಯ ಒಂದು ಬದಿಗೆ ಸಮ, ಇನ್ನೊಂದು ಬದಿಗೆ ಬೆಸ ಸಂಖ್ಯೆ ಅಂತ ನೆಪೋಲಿಯನ್ ಕಾಲದಲ್ಲಿ, 1805ರಲ್ಲಿ ಆಯ್ತು. (ನಮ್ಮ ಬೆಂಗಳೂರಲ್ಲಿ 'ಹೊಸ ನಂ. ಇಷ್ಟು, ಹಳೇ ನಂ. ಇಷ್ಟು ಬೈ ಇಷ್ಟು' ಅಂತ ಎರಡೆರಡು ನಂಬರ್ ಇಟ್ಕೊಂಡು, ಕೊನೆಗೆ 'ಗಣೇಶನ ಗುಡಿ ಹತ್ರ ಬಂದು ಫೋನ್ ಮಾಡಿ' ಅಂತೀವಲ್ಲ, ಯಾವ ನೆಪೋಲಿಯನ್ನೂ ನಮ್ಮನ್ನ ಹಿಡಿಯಲಾರ.)

ನಾನು ದಿನಾ ಡೇಟಾಬೇಸ್ ಜೊತೆ ಗುದ್ದಾಡೋನು. ನಮ್ಮಲ್ಲಿ ಹೊಸಬರಿಗೆ ಹೇಳಿಕೊಡೋ ಮೊದಲನೇ ಪಾಠ: ಬದಲಾಗೋ ವಸ್ತುವನ್ನ ಗುರುತಿನ ಕೀ ಮಾಡಬೇಡ. ಮನೆ ಅಲ್ಲೇ ಇರುತ್ತೆ, ಒಳಗಿನ ಜನ ಬದಲಾಗ್ತಾರೆ. ಅದಕ್ಕೇ ಇಷ್ಟು ಗೊಂದಲ.

ಈ ಗೊಂದಲವನ್ನ ಇತಿಹಾಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದವನು ಒಬ್ಬ ತುಂಟ. ಥಿಯೋಡೋರ್ ಹುಕ್ ಅಂತ. ಹುಟ್ಟಿದ್ದು 1788ರಲ್ಲಿ. ನಾಟಕ ಬರೆಯೋನು, ಆಶುವಾಗಿ ಹಾಡು ಕಟ್ಟಿ ಹಾಡೋನು, ಲಂಡನ್ನಿನ ಪಾರ್ಟಿಗಳ ಜೀವ. ಯಾವುದಾದ್ರೂ ಒಂದು ಸಾಧಾರಣ ಮನೆಯನ್ನ ಲಂಡನ್ನಿನಲ್ಲೇ ಹೆಸರುವಾಸಿ ಮಾಡ್ತೀನಿ ಅಂತ ಗೆಳೆಯನ ಜೊತೆ ಪಂದ್ಯ ಕಟ್ಟಿದನಂತೆ. ಆರಿಸಿದ್ದು ಬರ್ನರ್ಸ್ ಬೀದಿಯ 54ನೇ ನಂಬರ್. ಅಲ್ಲಿ ಟಾಟನ್‌ಹ್ಯಾಮ್ ಅನ್ನೋ ಹೆಂಗಸು ಇದ್ದಳು. ಯಾರ ತಂಟೆಗೂ ಹೋಗದವಳು. ಹುಕ್ ಮತ್ತು ಅವನ ಗೆಳೆಯರು ಕೂತು ಸಾವಿರಾರು ಕಾಗದ ಬರೆದ್ರು ಅಂತ ಹೇಳ್ತಾರೆ. ಎಲ್ಲಾ ಆಕೆಯ ವಿಳಾಸದಿಂದ.

1810ರ ನವೆಂಬರ್ ಕೊನೆಯ ವಾರದ ಒಂದು ಬೆಳಗಿನ ಜಾವ ಬಾಗಿಲು ಬಡಿದ ಸದ್ದು. ಚಿಮಣಿ ಗುಡಿಸೋನು ನಿಂತಿದ್ದ, ನೀವೇ ಕರೆಸಿದ್ರಲ್ಲ ಅಂದ. ಇಲ್ಲ ಅಂತ ಕಳಿಸಿದ್ರೆ ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಆಮೇಲೆ ಕಲ್ಲಿದ್ದಲಿನ ಗಾಡಿಗಳು. ಮದುವೆ ಕೇಕ್ ಹೊತ್ತವರು. ಅಳತೆಗೆ ಮಾಡಿಸಿದ ಶವಪೆಟ್ಟಿಗೆ ತಂದವರು. ಡಾಕ್ಟರು, ವಕೀಲರು, ಪಾದ್ರಿಗಳು. ಮೀನು ಮಾರೋರು, ಪಿಯಾನೋ ಹೊತ್ತವರು, ಆರು ಜನ ಗಟ್ಟಿಗರು ಹೊತ್ತು ತಂದ ಒಂದು ದೊಡ್ಡ ಆರ್ಗನ್ನು. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಬಂದ, ಲಂಡನ್ನಿನ ಮೇಯರ್ ಸಾಹೇಬರೇ ಗಾಡಿ ಕಟ್ಟಿಸಿಕೊಂಡು ಬಂದ್ರು. ಬೀದಿ ತುಂಬಿ, ಗಾಡಿಗೆ ಗಾಡಿ ತಾಗಿ, ಸಾಮಾನು ನೆಲಕ್ಕೆ ಬಿದ್ದು, ತಮಾಷೆ ನೋಡೋಕೆ ಬಂದ ಜನವೇ ಮತ್ತೊಂದಷ್ಟು. ಸಂಜೆಯವರೆಗೂ ಇದೇ. ಹುಕ್ ಎದುರು ಮನೆಯ ಕಿಟಕಿಯಲ್ಲಿ ಕೂತು ನೋಡ್ತಿದ್ದನಂತೆ! ಅವನ ಮೇಲೆ ಕೇಸೂ ಆಗಲಿಲ್ಲ, ಶಿಕ್ಷೆಯೂ ಆಗಲಿಲ್ಲ.

ಈ ಕಥೆಯನ್ನ ಇಂಗ್ಲಿಷಿನವರು ಇನ್ನೂರು ವರ್ಷದಿಂದ ನಗ್ತಾ ಹೇಳ್ತಾರೆ. ಮೊದಲ ಸಲ ಓದಿದಾಗ ನಾನೂ ನಕ್ಕೆ. ಎರಡನೇ ಸಲ ಓದುವಾಗ ಬಾಗಿಲ ಒಳಗಿನವಳು ಕಾಣಿಸಿದಳು. ಬೆಳಗಿನ ಜಾವದಿಂದ ಸಂಜೆವರೆಗೆ "ನಾನು ಕರೆಸಿಲ್ಲಪ್ಪ, ನಾನಲ್ಲಪ್ಪ" ಅಂತ ಹೇಳ್ತಾ ನಿಂತಿರಬೇಕಲ್ಲ ಆಕೆ. ನೋಡೋರಿಗೆಲ್ಲ ತಮಾಷೆ. ಆಮೇಲೆ ಆಕೆಗೆ ಏನಾಯ್ತು ಅಂತ ಯಾವ ತಮಾಷೆಗಾರನೂ ಬರೆದಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹುಕ್‌ಗೆ ದೊಡ್ಡವರ ಪರಿಚಯ ಇತ್ತು. ಮಾರಿಷಸ್ ದ್ವೀಪದ ಖಜಾನೆಯ ಅಧಿಕಾರಿ ಕೆಲಸ ಸಿಕ್ತು, 1813ರಲ್ಲಿ ಹೋದ. ಲೆಕ್ಕ ಪತ್ರ ಅಂದ್ರೆ ಅವನಿಗೆ ಅಷ್ಟಕ್ಕಷ್ಟೇ, ಅಲ್ಲೂ ಪಾರ್ಟಿಯೇ. 1817ರಲ್ಲಿ ನೋಡಿದ್ರೆ ಖಜಾನೆಯಲ್ಲಿ ಸುಮಾರು 12,000 ಪೌಂಡ್ ಕಮ್ಮಿ! ಎತ್ತಿದ್ದು ಕೈಕೆಳಗಿನ ಅಧಿಕಾರಿ. ಹೊಣೆ ಮಾತ್ರ ಹುಕ್ ತಲೆಗೆ. ಹಿಡಿದು ಇಂಗ್ಲೆಂಡಿಗೆ ಕಳಿಸಿದ್ರು. ಕ್ರಿಮಿನಲ್ ಕೇಸು ನಿಲ್ಲಲಿಲ್ಲ, ಆದರೆ ಸರ್ಕಾರಕ್ಕೆ ಸಾಲಗಾರ ಅಂತ ತೀರ್ಮಾನ ಆಯ್ತು. 1823ರಿಂದ 1825ರವರೆಗೆ ಆ ಸಾಲಕ್ಕಾಗಿ ಬಂಧನದಲ್ಲಿದ್ದ. ಯಾರೋ ಮಾಡಿದ ಖರ್ಚಿನ ಬಿಲ್ಲು ಹುಡುಕಿಕೊಂಡು ಬಂದು ಅವನ ಬಾಗಿಲನ್ನೇ ತಟ್ಟಿತ್ತು. ನಾನು ಕರ್ಮ ಗಿರ್ಮ ನಂಬೋನಲ್ಲ, ಅಮ್ಮ ಮಾತ್ರ ಇದನ್ನ ಕೇಳಿ "ಆಗ್ಲಿ ಬಿಡು" ಅಂದಳು.

*

ಹುಕ್ ಇದ್ದ ಕಾಲದಲ್ಲಿ ಇನ್ನೊಂದು ವಿಚಿತ್ರ ಇತ್ತು. ಕಾಗದ ಬಂದ್ರೆ ದುಡ್ಡು ಕೊಡಬೇಕಾದವರು ಸಾಮಾನ್ಯವಾಗಿ ಬರೆದವರಲ್ಲ, ಪಡೆಯೋರು! ದೂರ ಇಷ್ಟು, ಹಾಳೆ ಇಷ್ಟು ಅಂತ ಲೆಕ್ಕ ಹಾಕಿ ಅಂಚೆಯವನು ಬಾಗಿಲಲ್ಲಿ ನಿಂತು ಕೇಳ್ತಿದ್ದ. ಬರೋ ಕಾಗದವೆಲ್ಲ ಒಂದೊಂದು ಬಿಲ್ಲೇ ಅಂದ ಹಾಗಾಯ್ತು. ಕವಿ ಕೋಲ್‌ರಿಜ್ ಹೇಳಿಕೊಂಡ ಒಂದು ಪ್ರಸಂಗ ಇದೆ. ಇಂಗ್ಲೆಂಡಿನ ಸರೋವರಗಳ ಸೀಮೆಯಲ್ಲಿ ನಡೆದು ಹೋಗ್ತಿದ್ದಾಗ ಒಂದು ಬಾಗಿಲಲ್ಲಿ ಅಂಚೆಯವನು ಕಾಗದ ಕೊಡ್ತಿದ್ದ. ಹೆಂಗಸು ಕೈಗೆ ತಗೊಂಡು ತಿರುಗಿಸಿ ನೋಡಿ, ದುಡ್ಡಿಲ್ಲ, ಬೇಡ ಅಂತ ವಾಪಸ್ ಕೊಟ್ಟಳು. ಒಂದು ಶಿಲ್ಲಿಂಗ್. ಅಣ್ಣನ ಕಾಗದವಂತೆ. ಕವಿಗೆ ಕನಿಕರ ಬಂತು, ತಾನೇ ಶಿಲ್ಲಿಂಗ್ ಕೊಟ್ಟ. ಅಂಚೆಯವನು ಆಚೆ ಹೋದ ಮೇಲೆ ಆಕೆ ಬಿಡಿಸಿ ತೋರಿಸಿದಳು, ಖಾಲಿ ಹಾಳೆ! ಇಂಥ ಖಾಲಿ ಹಾಳೆ ಆಗಾಗ ಬಂದ್ರೆ ಅಣ್ಣ ಕ್ಷೇಮ ಅಂತ ಅವರಿಬ್ಬರ ಒಪ್ಪಂದ. ನಮ್ಮ ಕಾಲದ ಮಿಸ್ಡ್ ಕಾಲ್ ನೆನಪಾಗಲಿಲ್ವಾ? ಅಂಚೆ ಸುಧಾರಣೆ ತಂದ ರೋಲೆಂಡ್ ಹಿಲ್‌ಗೇ ಇದು ಆಗಿದ್ದು ಅಂತ ಬಹಳ ಕಡೆ ಬರೀತಾರೆ. ಅದು ತಪ್ಪು. ಕಥೆಯೇ ತಪ್ಪು ವಿಳಾಸಕ್ಕೆ ಡೆಲಿವರಿ ಆಗಿದೆ!

ಹಿಲ್ 1837ರಲ್ಲಿ ಒಂದು ಕಿರುಪುಸ್ತಕ ಬರೆದು, ದೂರ ಎಷ್ಟೇ ಇರಲಿ ಒಂದೇ ದರ, ಮುಂಚೇನೇ ಕಟ್ಟಿಸಿಕೊಳ್ಳಿ ಅಂದ. 1840ರ ಮೇ 6ರಿಂದ ಪೆನ್ನಿ ಬ್ಲ್ಯಾಕ್ ಸ್ಟಾಂಪು ಚಲಾವಣೆಗೆ ಬಂತು. ಭಾರತದಲ್ಲಿ 1854ರ ಅಕ್ಟೋಬರ್ 1ರಿಂದ ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ, ದೇಶದ ಯಾವ ಮೂಲೆಗಾದ್ರೂ ಸರಿ. ಸ್ಟಾಂಪು ಹಚ್ಚದೇ ಹಾಕಿದ್ರೆ ಪಡೆಯೋರು ದುಪ್ಪಟ್ಟು ಕೊಡಬೇಕು. ಅದೇ 'ಬೇರಿಂಗ್' ಕಾಗದ. ನಮ್ಮ ಮೈಸೂರು ಸೀಮೆಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ತನ್ನದೇ ಅಂಚೆ ಇತ್ತು, ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯ್ತು. ಹೆಸರು ಮಾತ್ರ ನಮ್ಮ ನಾಲಿಗೆಯಲ್ಲಿ ಉಳೀತು.

ಅಮ್ಮನಿಗೆ ಬೇರಿಂಗ್ ಕಾಗದ ಚೆನ್ನಾಗಿ ನೆನಪಿದೆ. ಅವರ ಅಪ್ಪ, ಅಂದ್ರೆ ನನ್ನ ತಾತ, ಅಂಚೆಯವನನ್ನ ಜಗುಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು, ಕಾಗದವನ್ನ ಹಿಂದೆ ಮುಂದೆ ನೋಡಿ, ಅಕ್ಷರದಿಂದಲೇ ಯಾರದ್ದು ಅಂತ ಗುರುತು ಹಿಡಿದು, "ಇದು ಬೇಡಪ್ಪ, ವಾಪಸ್ ಹಾಕು" ಅಂತಿದ್ದರಂತೆ. ಅಂಚೆಯವನು ಮಜ್ಜಿಗೆ ಕುಡಿದು ಹೋಗ್ತಿದ್ದ. ಬೇಸರ ಇಲ್ಲ, ಜಗಳ ಇಲ್ಲ.

ನನಗೆ ಬೇಕಾಗಿದ್ದ ಮಾತು ಅದೇ. ಬೇಡ ಅನ್ನೋ ಹಕ್ಕು. ಕಾಗದಕ್ಕೆ ದುಡ್ಡು ಕೇಳ್ತಿದ್ದ ಆ ಕೆಟ್ಟ ಪದ್ಧತಿಯಲ್ಲೂ ಬಾಗಿಲ ಒಳಗಿರೋರು ಬೇಡ ಅನ್ನಬಹುದಿತ್ತು. 1877ರಲ್ಲಿ ಶುರುವಾದ ವಿಪಿಪಿಯಲ್ಲೂ ಅಷ್ಟೇ, ಬೇಡ ಅಂದ್ರೆ ಪಾರ್ಸೆಲ್ ಹಾಗೇ ವಾಪಸ್. ಬೇಡ ಅನ್ನೋಕೆ ಅಮ್ಮನಿಗೆ ಹಕ್ಕಿರಲಿಲ್ಲ ಅಂತಲ್ಲ. ಇದೆ ಅಂತ ಆ ಹುಡುಗ ಒಪ್ಪಲಿಲ್ಲ, ನಾನೂ ಆಕೆಗೆ ಮೊದಲೇ ಹೇಳಿಟ್ಟಿರಲಿಲ್ಲ. ಕವರುಗಳನ್ನ ಫ್ರಿಜ್ಜಿನ ಮೇಲೆ ಪೇರಿಸಿ ಜೋಕು ಮಾಡ್ತಿದ್ದೆ.

*

ಮಾರನೇ ದಿನ ಓನರ್ ಅಂಕಲ್ ಹತ್ರ ಕೂತೆ. ಅವರು ಒಂದು ಮಾತು ಹೇಳಿದ್ರು: "ನಮ್ಮ ಮನೆ ಕರೆಂಟ್ ಬಿಲ್ ಯಾರ ಹೆಸ್ರಲ್ಲಿ ಬರತ್ತೆ ಗೊತ್ತೇನಪ್ಪ? ನಮ್ಮಪ್ಪನ ಹೆಸ್ರಲ್ಲಿ. ಅವ್ರು ಹೋಗಿ ಹನ್ನೊಂದು ವರ್ಷ ಆಯ್ತು." ಹೌದಲ್ಲ! ತೀರಿಹೋದವರ ಹೆಸರಿನ ಬಿಲ್ಲನ್ನ ನಾನು ಪ್ರತಿ ತಿಂಗಳು ಫೋನಿನಲ್ಲಿ ಕಟ್ತಾ ಇದ್ದೀನಿ. ಅದರಲ್ಲಿ ತಪ್ಪೇನೂ ಇಲ್ಲ, ಕರೆಂಟ್ ಉರಿಸಿದ್ದು ನಾವೇ. ಹಾಗಾದ್ರೆ ಮನೆಗೆ ಅಂಟೋ ಸಾಲವೂ ಇದೆಯಾ?

ಇದೆ, ಸ್ವಲ್ಪ ಮಟ್ಟಿಗೆ. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಬಿಹಾರದಲ್ಲಿ ಸಾಲ ತೀರಿಸದ ಒಂದು ಕಾರ್ಖಾನೆಯನ್ನ ಹರಾಜಿಗೆ ಹಾಕಿದ್ರು, ಇಶಾ ಮಾರ್ಬಲ್ಸ್ ಅನ್ನೋರು ಕೊಂಡರು. ಕರೆಂಟ್ ಕೇಳಿದ್ರೆ ವಿದ್ಯುತ್ ಮಂಡಳಿ, ಹಳೇ ಮಾಲೀಕನ ಬಾಕಿ ಕಟ್ಟಿ ಅಂತು. 1995ರಲ್ಲಿ ಕೋರ್ಟು ಹೇಳಿತು: ಕರೆಂಟಿನ ಒಪ್ಪಂದ ಮಂಡಳಿಗೂ ಆ ಗ್ರಾಹಕನಿಗೂ ಮಧ್ಯೆ ಆದದ್ದು, ಹೊಸಬರಿಂದ ಕೇಳೋ ಹಾಗಿಲ್ಲ. ಆಮೇಲೆ ರಾಜ್ಯಗಳ ನಿಯಮಗಳಲ್ಲಿ ಹಳೇ ಬಾಕಿ ತೀರಿಸಬೇಕು ಅನ್ನೋ ಷರತ್ತುಗಳು ಸೇರಿಕೊಂಡವು, ಕೇಸುಗಳೂ ಬೆಳೆದವು. 2023ರ ಮೇ 19ರಂದು ಕೇರಳದ ಕೆ.ಸಿ. ನೈನಾನ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ನಿಯಮದಲ್ಲಿ ಹಾಗಂತ ಬರೆದಿದ್ರೆ, ಆ ಜಾಗದ ಹಳೇ ಬಾಕಿ ಕಟ್ಟಿದ ಮೇಲೇ ಹೊಸಬರಿಗೆ ಕನೆಕ್ಷನ್ ಅನ್ನೋ ಷರತ್ತು ಹಾಕಬಹುದು ಅಂತ. ಹಾಗಾಗಿ ಹಳೇ ಮನೆ, ಹರಾಜಿನ ಮನೆ ಕೊಳ್ಳೋರು ಹುಷಾರು. ಪೇಪರಿನಲ್ಲಿ 'ಇದ್ದಂತೆ, ಇದ್ದಲ್ಲಿ' ಅಂತ ಬರೆದಿರ್ತಾರಲ್ಲ, ಆ ಎರಡು ಪದದೊಳಗೆ ಯಾರ್ಯಾರ ಫ್ಯಾನು, ಗೀಸರು, ಮೋಟರು ಓಡಿದ ಲೆಕ್ಕವೆಲ್ಲ ಇರಬಹುದು.

ಆದ್ರೆ ಕ್ರೆಡಿಟ್ ಕಾರ್ಡು ಹಾಗಲ್ಲ. ಅದು ಗೋಡೆಯೊಳಗಿನ ವೈರಿನಲ್ಲಿ ಹರಿಯೋದಲ್ಲ. ಸಹಿ ಹಾಕಿದವರ ಸಾಲ ಅದು. ಮಾರ್ಕೋ ಪೋಲೋ ಕಂಡ ಗೆರೆಯ ಹಾಗೆ ಆ ಮನುಷ್ಯನ ಸುತ್ತಲೇ ಇರಬೇಕಾದ್ದು. ಅವರಿದ್ದ ಮನೆಗೆ ಆಮೇಲೆ ಬಂದು ಸೇರಿದವರಿಗೆ ಅದರಲ್ಲಿ ಒಂದು ಪೈಸೆಯ ಹೊಣೆಯೂ ಇಲ್ಲ.

ಮಾಡಿದ್ದು ಇಷ್ಟು. ಫ್ರಿಜ್ಜಿನ ಮೇಲಿದ್ದ ಹದಿನಾಲ್ಕು ಕವರಿಗೂ ವಿಳಾಸದ ಮೇಲೆ ಅಡ್ಡಗೆರೆ ಎಳೆದು 'ಈ ವಿಳಾಸದಲ್ಲಿ ಇಲ್ಲ, ಕಳಿಸಿದವರಿಗೆ ಹಿಂತಿರುಗಿಸಿ' ಅಂತ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದು ಕೆಂಪು ಡಬ್ಬಿಗೆ ಹಾಕಿದೆ. ಒಂದನ್ನೂ ಒಡೆಯಲಿಲ್ಲ. ಬ್ಯಾಂಕಿನ ದೂರು ವಿಭಾಗಕ್ಕೆ ಮೇಲ್ ಬರೆದೆ: ನಾನು ಇಂಥವನು, ಇಂಥ ದಿನದಿಂದ ಇಲ್ಲಿ ಬಾಡಿಗೆಗಿದ್ದೀನಿ, ಇಂಥ ತಾರೀಖು ನಿಮ್ಮ ಕಡೆಯವರು ನನ್ನ ತಾಯಿಯಿಂದ ಎರಡು ಸಾವಿರ ತಗೊಂಡಿದ್ದಾರೆ. ಬಾಡಿಗೆ ಕರಾರಿನಲ್ಲಿ ಹೆಸರು, ತಾರೀಖು ಇರೋ ಹಾಳೆ ಮಾತ್ರ ಲಗತ್ತಿಸಿದೆ. ಆಧಾರ್ ನಕಲು ಕಳಿಸಿ ಅಂದ್ರು, ಕಳಿಸಲಿಲ್ಲ. ಅವರ ಸಾಲದ ಫೈಲಿನೊಳಗೆ ನನ್ನ ಆಧಾರ್ ಯಾಕೆ ಹೋಗಬೇಕು? ವಸೂಲಿಯವರು ಬೆದರಿಸೋದು, ಅವಮಾನ ಮಾಡೋದು ಸಲ್ಲದು, ಬೆಳಿಗ್ಗೆ 8ಕ್ಕೆ ಮುಂಚೆ ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ ಅಂತ ಆರ್‌ಬಿಐ 2022ರ ಆಗಸ್ಟ್ 12ರಂದು ಸುತ್ತೋಲೆ ಹೊರಡಿಸಿತ್ತು, ಅದನ್ನೂ ನಮೂದಿಸಿದೆ. ಮೂರನೇ ಮೇಲಿಗೆ ಉತ್ತರ ಬಂತು. ವಿಳಾಸ ತೆಗೆದಿದ್ದೀವಿ ಅಂತ. ಎರಡು ಸಾವಿರದ ಬಗ್ಗೆ ಒಂದಕ್ಷರ ಇಲ್ಲ. ಇನ್ನೂ ಕೇಳ್ತಾ ಇದ್ದೀನಿ.

ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿದ್ದೀನಿ. ಅಮ್ಮ ಹೇಳಬೇಕಾದ ಮೂರು ಮಾತು: ಅವರು ಇಲ್ಲಿಲ್ಲ. ನಾವು ಬಾಡಿಗೆಯವರು. ಏನಿದ್ರೂ ಬರೆದು ಕಳಿಸಿ. ಅಮ್ಮ ಅದನ್ನ ಬಾಯಿಪಾಠ ಮಾಡಿದಳು. ಹೋದ ತಿಂಗಳು ಇನ್ನೊಬ್ಬ ಬಂದಾಗ ಸರಪಳಿ ತೆಗೆಯದೇ ಮೂರನ್ನೂ ಹೇಳಿ, ನಾಲ್ಕನೆಯದು ತಾನೇ ಸೇರಿಸಿದಳಂತೆ: "ಕೂಗೋದಿದ್ರೆ ಕೂಗಪ್ಪ, ಕೆಳಗ್ನೋರಿಗೆಲ್ಲ ನಾನೇ ಹೇಳಿದೀನಿ." ಆ ಹುಡುಗ ಮೆಟ್ಟಿಲು ಇಳಿದು ಹೋದನಂತೆ. ಅದನ್ನ ಹೇಳುವಾಗ ಅಮ್ಮನ ಮುಖ ನೋಡಬೇಕಿತ್ತು ನೀವು.

ಅಂದ ಹಾಗೆ, ಹುಕ್ ಬಗ್ಗೆ ಒಂದು ಮಾತು ಮರೆತೆ. ಈವರೆಗೆ ಗೊತ್ತಿರೋ ಅತಿ ಹಳೇ ಚಿತ್ರದ ಪೋಸ್ಟ್ ಕಾರ್ಡು 1840ರದ್ದು, ಪೆನ್ನಿ ಬ್ಲ್ಯಾಕ್ ಹಚ್ಚಿದ್ದು. ಅಂಚೆ ಗುಮಾಸ್ತರು ದೊಡ್ಡ ಮಸಿ ಕುಡಿಕೆ ಸುತ್ತ ಕೂತಿರೋ ವ್ಯಂಗ್ಯಚಿತ್ರ ಅದರ ಮೇಲಿದೆ. 2002ರಲ್ಲಿ ಅದು 31,750 ಪೌಂಡಿಗೆ ಹರಾಜಾಯ್ತು. ಅದರ ಮೇಲಿನ ವಿಳಾಸ ಲಂಡನ್ನಿನ ಫುಲ್‌ಹ್ಯಾಮಿನಲ್ಲಿದ್ದ ಥಿಯೋಡೋರ್ ಹುಕ್‌ನದು. ಕಳಿಸಿದವನೂ ಅವನೇ ಅಂತ ತಿಳಿದವರು ಹೇಳ್ತಾರೆ. ಸಾಯೋದಕ್ಕೆ ಒಂದು ವರ್ಷ ಮುಂಚೆ, ತನಗೆ ತಾನೇ.

ಆ ಹದಿನಾಲ್ಕು ಕವರು ಡಬ್ಬಿಗೆ ಹಾಕೋಕೆ ಹೊರಟಾಗ ಮಧ್ಯದಿಂದ ಹದಿನೈದನೆಯದು ಜಾರಿ ಬಿತ್ತು. ಬಿಲ್ಲಲ್ಲ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು, ಯಾವುದೋ ಊರಿನ ರಥೋತ್ಸವದ ಆಹ್ವಾನ. ಮಹಾನುಭಾವರ ಹೆಸರನ್ನ ಬಾಲ್ ಪೆನ್ನಿನಲ್ಲಿ, ನಡುಗೋ ಅಕ್ಷರದಲ್ಲಿ ಬರೆದಿದ್ರು. ಕೆಳಗೆ 'ಈ ಸಲನಾದ್ರೂ ಬಾ' ಅಂತ. ಕಳಿಸಿದವರ ವಿಳಾಸ ಇಲ್ಲ. ತೇರು ಮುಗಿದು ಆಗಲೇ ಮೂರು ತಿಂಗಳಾಗಿತ್ತು. ಇದನ್ನ ಎಲ್ಲಿಗೆ ಅಂತ ವಾಪಸ್ ಕಳಿಸೋದು ಅಂತ ನಾನು ನೋಡ್ತಾ ನಿಂತಿದ್ದೆ. ಅಮ್ಮ ಕೈಯಿಂದ ತಗೊಂಡು ದೇವರ ಗೂಡಿನ ಪಕ್ಕ, ನಮ್ಮ ಮದುವೆ ಕರೆಯೋಲೆಗಳನ್ನ ಸಿಕ್ಕಿಸೋ ಕಡೆ ಸಿಕ್ಕಿಸಿದಳು. ಇನ್ನೂ ಅಲ್ಲೇ ಇದೆ.